ಕತ್ತಲಲ್ಲಿ ಆಡಿದವರ ಫೋಟೋ

ನಮ್ಮ ಚಿಕ್ಕಪ್ಪ 1980ರ ದಶಕದಲ್ಲಿ ಕೊರಟಗೆರೆ, ಮಧುಗಿರಿ ಕಡೆ ಹೆಸರು ಮಾಡಿದ್ದ ಕಬಡ್ಡಿ ಆಟಗಾರ. ಹೆಸರು ಅಂದ್ರೆ ಪೇಪರಿನಲ್ಲಿ ಬರುವಂಥ ಹೆಸರಲ್ಲ. ಗೊರವನಹಳ್ಳಿಯಿಂದ ಸೈಕಲ್ ಹತ್ತಿ ಹೊರಟರೆ ಎರಡು ತಾಲ್ಲೂಕಿನ ಟೀ ಅಂಗಡಿಗಳಲ್ಲಿ ದುಡ್ಡು ಇಸ್ಕೊಳ್ಳದೆ ಟೀ ಕೊಡುತ್ತಿದ್ದರಲ್ಲ, ಅಷ್ಟು ಹೆಸರು. ಒಂದು ರಾತ್ರಿ ಫೈನಲ್‌ನಲ್ಲಿ ಎದುರಾಳಿಗಳು ಮೈಮೇಲೆ ಬಿದ್ದು ಅಮುಕಿಕೊಂಡಿದ್ದಾಗ ಅವರನ್ನೆಲ್ಲ ಎಳೆದುಕೊಂಡೇ ಬಂದು ನಡುಗೆರೆ ಮುಟ್ಟಿದ ಕತೆ ನಮ್ಮ ಮನೆಯಲ್ಲಿ ಬಲು ಪ್ರಸಿದ್ಧ. ನಾನು ಚಿಕ್ಕವನಿದ್ದಾಗ ಹಿಡಿದವರು ಮೂರು ಜನ. ನಾನು ಕಾಲೇಜು ಸೇರುವ ಹೊತ್ತಿಗೆ ನಾಲ್ಕು ಜನ ಆದರು. ಈಗ ಐದು.

ಇದಕ್ಕೆ ದಾಖಲೆ ಏನು? ಒಂದೇ ಒಂದು ಫೋಟೋ. ಅದರಲ್ಲಿ ಏಳು ಜನ ತಲೆ ಬಾಚಿಕೊಂಡು, ನಡುವೆ ಕಪ್ಪು ಇಟ್ಟುಕೊಂಡು, ಸ್ಟುಡಿಯೋದ ಬಣ್ಣದ ಪರದೆ ಮುಂದೆ ಮುಖ ಬಿಗಿದುಕೊಂಡು ಕೂತಿದ್ದಾರೆ. ಪಂದ್ಯ ಮುಗಿದ ಮಾರನೇ ದಿನ ಬೆಳಿಗ್ಗೆ ತೆಗೆದದ್ದು. ಆಟದ ಫೋಟೋ ಒಂದೂ ಇಲ್ಲ. ಮೈಗೆ ಮೆತ್ತಿದ ಮಣ್ಣು ಕೂಡ ತೊಳೆದುಹೋಗಿದೆ.

ನಮ್ಮನೆ ಒಂದರ ಕತೆ ಅಲ್ಲ ಇದು. ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ ಸೀಮೆಯ ಯಾವ ಊರಿಗೆ ಬೇಕಾದರೂ ಹೋಗಿ, ಹಳೇ ಕಬಡ್ಡಿ ವಾಲಿಬಾಲ್ ಟೀಮಿನ ಫೋಟೋ ಕೇಳಿ ನೋಡಿ. ಕಪ್ಪು ಹಿಡಿದುಕೊಂಡು ಕೂತ ಫೋಟೋ ತೋರಿಸುತ್ತಾರೆ. ಆಡುತ್ತಿರುವ ಫೋಟೋ ಇರೋದಿಲ್ಲ. ಯಾಕೆ ಇಲ್ಲ ಅನ್ನುವ ಪ್ರಶ್ನೆಗೆ ನಾನು ಉತ್ತರ ಹುಡುಕಲು ಹೊರಟದ್ದು ಇತಿಹಾಸದ ಪ್ರೀತಿಯಿಂದೇನಲ್ಲ. ಒಂದು ಕ್ಯಾಮೆರಾ ತಗೋಬೇಕಾಗಿತ್ತು, ಅಷ್ಟೇ.

ಆದದ್ದು ಹೀಗೆ. ನಮ್ಮ ತಮ್ಮನ ಮಗ ಈಗ ಟೀಮಿನಲ್ಲಿ ರೈಡರ್. ಹೋದ ವರ್ಷ ರಾತ್ರಿ ಪಂದ್ಯಕ್ಕೆ ನನ್ನನ್ನೂ ಕರೆದ. “ದೊಡ್ಡಪ್ಪ, ನಿಮ್ ಕ್ಯಾಮೆರಾ ತಗೊಂಡ್ ಬನ್ನಿ, ನಂದೊಂದು ಒಳ್ಳೇ ಫೋಟೋ ಬರ್ಲಿ” ಅಂದ. ನನ್ನ ಹತ್ತಿರ ಹಳೇ ಕ್ಯಾಮೆರಾ, ಅದರ ಜೊತೆಗೇ ಬಂದಿದ್ದ 18-55 ಲೆನ್ಸ್ ಇತ್ತು. ಹಗಲು ಹೊತ್ತು ನಾಮಕರಣ, ಗೃಹಪ್ರವೇಶಕ್ಕೆ ಚೆನ್ನಾಗಿಯೇ ಬರ್ತಿತ್ತು. ಆ ರಾತ್ರಿ ಮುನ್ನೂರು ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಮುನ್ನೂರರಲ್ಲೂ ಹುಡುಗರ ಕೈಕಾಲು ಹೊಗೆಯ ಹಾಗೆ ಕರಗಿಹೋಗಿವೆ. ಎಲ್ಲಕ್ಕಿಂತ ಸ್ಪಷ್ಟವಾಗಿ ಬಂದಿದ್ದು ಯಾರು ಅಂತೀರಾ? ಅಲ್ಲಾಡದೆ ನಿಂತಿದ್ದ ಅಂಪೈರು.

ಹುಡುಗ ಏನೂ ಅನ್ನಲಿಲ್ಲ. “ಪರ್ವಾಗಿಲ್ಲ ಬಿಡಿ ದೊಡ್ಡಪ್ಪ” ಅಂದ. ಅವನು ಹಾಗಂದಿದ್ದೇ ನನಗೆ ಚುಚ್ಚಿತು. ನಲವತ್ತು ವರ್ಷದ ಹಿಂದೆ ಚಿಕ್ಕಪ್ಪನ ಆಟ ಹೇಗೆ ಕತ್ತಲಲ್ಲಿ ಮುಗಿದುಹೋಯಿತೋ, ಇವನದೂ ಹಾಗೇ ಹೋಗುತ್ತಿತ್ತು. ಅದೂ ಕೈಯಲ್ಲಿ ಕ್ಯಾಮೆರಾ ಇಟ್ಟುಕೊಂಡು!

ಕೂಡಿಟ್ಟಿದ್ದ ಅರವತ್ತು ಸಾವಿರ ರೂಪಾಯಿ ಇತ್ತು. ಅಂಗಡಿಯವರು ಹೊಸ ಬಾಡಿ ತೋರಿಸಿದರು. ಇದು ಸೆಕೆಂಡಿಗೆ ಇಷ್ಟು ಫೋಟೋ, ಇದರ ಐಎಸ್‌ಒ ಇಷ್ಟು ಲಕ್ಷ ಅಂತೆಲ್ಲ. ಅರ್ಧ ಒಪ್ಪಿಯೂ ಆಗಿತ್ತು. ಆದರೆ ಕೊಡುವ ಮುಂಚೆ, ಇಷ್ಟು ವರ್ಷ ರಾತ್ರಿ ಆಟದ ಫೋಟೋ ತೆಗೆದವರು ಹೇಗೆ ತೆಗೆದರು ಅಂತ ಒಮ್ಮೆ ನೋಡೋಣ ಅನ್ನಿಸಿತು. ನೋಡಿದ ಮೇಲೆ ಮನಸ್ಸು ಬದಲಾಯಿತು.

ಮೊದಲು ಒಂದು ಮಾತು. ನಮ್ಮ ಸೀಮೆಗೆ ಮಳೆಯ ಬರ ಉಂಟು, ಬಿಸಿಲಿನ ಬರ ಇಲ್ಲ. ಪಾವಗಡದ ತಿರುಮಣಿ ಸುತ್ತ 13 ಸಾವಿರ ಎಕರೆಯಲ್ಲಿ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಮಾಡಿದ್ದಾರಲ್ಲ, ಸುಮ್ಮನೆ ಮಾಡಿಲ್ಲ. ಆ ಬಿಸಿಲಿಗೇ ನಮ್ಮ ಆಟಗಳು ರಾತ್ರಿಗೆ ಹೋದದ್ದು. ಹಗಲು ಹೊಲದ ಕೆಲಸ, ಕೂಲಿ, ಮೇಲೆ ಬೆಂಕಿಯಂಥ ಬಿಸಿಲು. ಸುಗ್ಗಿ ಮುಗಿದ ಮೇಲೆ ಬಯಲಲ್ಲಿ ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದು, ಕತ್ತಲಾದ ಮೇಲೆ ಪಂದ್ಯ. ಬೆಳಗಿನ ಜಾವದವರೆಗೂ ನಡೆಯೋದು. ಮೊದಲು ಪೆಟ್ರೋಮ್ಯಾಕ್ಸ್, ಆಮೇಲೆ ಬೊಂಬಿಗೆ ಕಟ್ಟಿದ ಟ್ಯೂಬ್‌ಲೈಟು, ಆಮೇಲೆ ಹ್ಯಾಲೋಜನ್, ಈಗ ಎಲ್‌ಇಡಿ. ಗೊರವನಹಳ್ಳಿಯಲ್ಲಿ ಕಾರ್ತಿಕದ ಲಕ್ಷದೀಪೋತ್ಸವ ನೋಡಿದವರಿಗೆ ಗೊತ್ತು, ಕಣ್ಣಿಗೆ ಆ ದೀಪದ ಬೆಳಕೇ ಧಾರಾಳ. ನಮ್ಮ ಕಣ್ಣು ಬಹಳ ಉದಾರಿ. ಕ್ಯಾಮೆರಾ ಹಾಗಲ್ಲ, ಅದು ಲೆಕ್ಕದ ಶೆಟ್ಟಿ.

ಆ ಲೆಕ್ಕ ಮಾಡಿ ನೋಡೋಣ ಅಂತ ಮನೆ ಮುಂದೆ ಅಂಗಳದಲ್ಲಿ ನಾಲ್ಕು ಟ್ಯೂಬ್‌ಲೈಟು ಎತ್ತರಕ್ಕೆ ಕಟ್ಟಿ ಕ್ಯಾಮೆರಾದ ಮೀಟರು ನೋಡಿದೆ. ಸುಮಾರು 40 ಲಕ್ಸ್ ಬೆಳಕು. ಚಿಕ್ಕಪ್ಪನ ಕಾಲದಲ್ಲಿ ತಾಲ್ಲೂಕು ಸ್ಟುಡಿಯೋಗಳಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ಎಫ್ 3.5 ಲೆನ್ಸಿನ, ಮೇಲಿಂದ ಬಗ್ಗಿ ನೋಡುವ ಜೋಡಿಕಣ್ಣಿನ ಕ್ಯಾಮೆರಾ. ಸಿಗುತ್ತಿದ್ದ ಕಪ್ಪು ಬಿಳುಪು ಫಿಲಂ ಅಂದರೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್‌ನವರ ಇಂದು, ಇಲ್ಲವೇ ಪೂರ್ವ ಜರ್ಮನಿಯಿಂದ ಬರುತ್ತಿದ್ದ ಓರ್ವೋ. ವಿದೇಶಿ ಮಾಲಿಗೆ ನಿರ್ಬಂಧ ಇದ್ದ ಕಾಲ ಅದು. ಮಾಮೂಲಿ 100ರ ಫಿಲಂ ಹಾಕಿದರೆ 40 ಲಕ್ಸಿನಲ್ಲಿ ಶಟರ್ ಮುಕ್ಕಾಲು ಸೆಕೆಂಡಿಗೂ ಹೆಚ್ಚು ತೆರೆದಿರಬೇಕು. ಎಲ್ಲಾದರೂ 400ರ ಫಿಲಂ ಸಿಕ್ಕರೂ ಸೆಕೆಂಡಿನ ಐದರಲ್ಲಿ ಒಂದು ಭಾಗ. ರೈಡರ್ ಸೆಕೆಂಡಿಗೆ ಐದು ಮೀಟರ್ ಓಡುತ್ತಾನೆ ಅಂತಿಟ್ಟುಕೊಳ್ಳಿ. ಸೆಕೆಂಡಿನ ಐದರಲ್ಲಿ ಒಂದು ಭಾಗದಲ್ಲಿ ಅವನು ಒಂದು ಮೀಟರ್ ದಾಟಿಬಿಡುತ್ತಾನೆ. ಫೋಟೋದಲ್ಲಿ ಮನುಷ್ಯ ಇರೋದಿಲ್ಲ, ಒಂದು ಬಿಳೀ ಗೆರೆ ಇರುತ್ತೆ.

ಅಂದರೆ ಆ ಫೋಟೋಗ್ರಾಫರ್ ಸೋಮಾರಿ ಆಗಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಸ್ಟುಡಿಯೋಗೆ ಬನ್ನಿ ಅಂದದ್ದು ಅವನ ಲೆಕ್ಕ. ಆ ಲೆಕ್ಕ ಸರಿಯಾಗಿಯೇ ಇತ್ತು.

ಈ ಲೆಕ್ಕ ಮೀರಲು ಜಗತ್ತಿನಲ್ಲಿ ಎರಡು ದಾರಿ ಹುಡುಕಿದರು. ಒಂದು, ಬೆಳಕನ್ನು ನಾವೇ ಹೊತ್ತುಕೊಂಡು ಹೋಗೋದು. ಇನ್ನೊಂದು, ಇರುವ ಬೆಳಕಿಗೇ ಬಾಗಿಲು ದೊಡ್ಡದು ಮಾಡೋದು.

ಮೊದಲನೇ ದಾರಿ ಫ್ಲಾಶಿನದು. ಅದರ ತುತ್ತತುದಿ ಯಾವುದು ಅಂದರೆ 1965ರ ಮೇ 25ರಂದು ಅಮೆರಿಕದ ಲೂಯಿಸ್ಟನ್ ಅನ್ನುವ ಊರಲ್ಲಿ ನಡೆದ ಬಾಕ್ಸಿಂಗ್ ಪಂದ್ಯ. ಮೊಹಮ್ಮದ್ ಅಲಿ ಮೊದಲನೇ ಸುತ್ತಿನಲ್ಲೇ ಸನ್ನಿ ಲಿಸ್ಟನ್‌ನನ್ನು ಕೆಡವಿ, ಮೇಲೆ ನಿಂತು ಗದರುತ್ತಿರುವ ಫೋಟೋ ನೀವು ನೋಡೇ ಇರುತ್ತೀರಿ. ತೆಗೆದವನು ನೀಲ್ ಲೈಫರ್, 22 ವರ್ಷದ ಹುಡುಗ. ರಿಂಗಿನ ಮೇಲೆ ದೊಡ್ಡ ಫ್ಲಾಶ್ ದೀಪಗಳನ್ನು ಕಟ್ಟಿದ್ದರು. ಅವು ಒಮ್ಮೆ ಮಿಂಚಿದರೆ ಮತ್ತೆ ತುಂಬಿಕೊಳ್ಳಲು ಕೆಲವು ಸೆಕೆಂಡು ಬೇಕು. ಹಾಗಾಗಿ ಆ ಗಳಿಗೆಗೆ ಒಂದೇ ಗುಂಡು. ಬಿತ್ತೋ ಬಿತ್ತು, ಇಲ್ಲವೋ ಇಲ್ಲ. ಆ ಫೋಟೋದಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಅಲಿಯ ಕಾಲುಗಳ ನಡುವೆ ಆಚೆ ಕಡೆ ಒಬ್ಬ ಫೋಟೋಗ್ರಾಫರ್ ಕಾಣುತ್ತಾನೆ. ಅವನು ಹರ್ಬ್ ಶಾರ್ಫ್‌ಮನ್, ಅನುಭವಸ್ಥ. ಅವನಿಗೆ ಸಿಕ್ಕಿದ್ದು ಅಲಿಯ ಬೆನ್ನು. ಕೂತ ಜಾಗ ತಪ್ಪಾಗಿತ್ತು, ಅಷ್ಟೇ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನಮ್ಮ ಬಯಲಿನಲ್ಲಿ ಮೇಲೆ ದೀಪ ಕಟ್ಟೋದು ಆಗದ ಮಾತು. ಇನ್ನು ಕ್ಯಾಮೆರಾದ ತಲೆ ಮೇಲಿನ ಸಣ್ಣ ಫ್ಲಾಶು. ಅದರ ತೊಂದರೆ ಎರಡು. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ಹಾಗಾಗಿ ಹತ್ತಿರದವನ ಬೆನ್ನು ಸುಣ್ಣ ಬಳಿದ ಹಾಗೆ, ಹಿಂದಿನವರು ಕಗ್ಗತ್ತಲಲ್ಲಿ. ಎರಡನೆಯದು ಇದಕ್ಕಿಂತ ದೊಡ್ಡದು. ಉಸಿರು ಕಟ್ಟಿಕೊಂಡು ಎದುರಾಳಿಯ ಕಾಲನ್ನೇ ನೋಡುತ್ತಿರುವ ಹುಡುಗನ ಕಣ್ಣಿಗೆ ಮಿಂಚು ಹೊಡೆದರೆ ಅವನ ಆಟ ಕೆಟ್ಟಿತು. ನಾನೂ ಒಮ್ಮೆ ಹೊಡೆದು ಅಂಪೈರಿನಿಂದ ಬೈಸಿಕೊಂಡಿದ್ದೇನೆ. “ಅದ್ನ ಮುಚ್ಚಿ ಸಾಮಿ, ಇಲ್ಲಾಂದ್ರೆ ಎದ್ದು ಓಗಿ” ಅಂದ. ನ್ಯಾಯವಾದ ಮಾತು.

ಉಳಿದದ್ದು ಎರಡನೇ ದಾರಿ, ಬಾಗಿಲು ದೊಡ್ಡದು ಮಾಡೋದು. ಲೆನ್ಸಿನ ಮೇಲೆ ಬರೆದಿರುವ ಎಫ್ ಸಂಖ್ಯೆ ಆ ಬಾಗಿಲಿನ ಅಳತೆ. ಸಂಖ್ಯೆ ಸಣ್ಣದಾದಷ್ಟೂ ಬಾಗಿಲು ದೊಡ್ಡದು. ಈ ದಾರಿಯ ಮೂಲಪುರುಷ 1924ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಬಂದ ಎರ್ಮನಾಕ್ಸ್ ಅನ್ನುವ ಸಣ್ಣ ಕ್ಯಾಮೆರಾ. ಬಾಡಿಯಲ್ಲಿ ಏನೂ ವಿಶೇಷ ಇಲ್ಲ. ಗಾಜಿನ ಪ್ಲೇಟು, ಒಂದು ಸಲಕ್ಕೆ ಒಂದೇ ಚಿತ್ರ. ಆದರೆ ಮುಂದೆ ಲುಡ್ವಿಗ್ ಬರ್ಟೆಲೆ ರೂಪಿಸಿದ ಎಫ್ 2ರ ಲೆನ್ಸು, ಆಮೇಲೆ ಎಫ್ 1.8. ಕ್ಯಾಮೆರಾಕ್ಕಿಂತ ಅದರ ಕಣ್ಣೇ ದೊಡ್ಡದಾಗಿ ಕಾಣುತ್ತಿತ್ತು. ಎರಿಕ್ ಸಾಲೊಮನ್ ಅನ್ನುವವನು ಇದನ್ನು ಟೋಪಿಯೊಳಗೆ ಬಚ್ಚಿಟ್ಟುಕೊಂಡು 1928ರಲ್ಲಿ ಬರ್ಲಿನ್ನಿನ ಕೋರ್ಟಿನೊಳಗೆ ಫ್ಲಾಶ್ ಇಲ್ಲದೆ ಫೋಟೋ ತೆಗೆದ. ರಾತ್ರಿ ಹೊತ್ತು ನಡೆಯುತ್ತಿದ್ದ ರಾಜಕಾರಣಿಗಳ ಸಭೆಗಳಲ್ಲಿ ತೂಕಡಿಸುವ ಮಂತ್ರಿಗಳನ್ನು ಹಾಗೇ ಹಿಡಿದ. ಅದಕ್ಕೂ ಮುಂಚೆ ಒಳಾಂಗಣದಲ್ಲಿ ಫೋಟೋ ಅಂದರೆ ಎಲ್ಲರೂ ಅಲ್ಲಾಡದೆ ಕೂರಬೇಕಿತ್ತು, ನಮ್ಮ ಚಿಕ್ಕಪ್ಪನ ಟೀಮಿನ ಹಾಗೆ. ಯಹೂದಿಯಾಗಿದ್ದ ಸಾಲೊಮನ್ 1944ರಲ್ಲಿ ಆಶ್ವಿಟ್ಜ್‌ನಲ್ಲಿ ಸತ್ತ. ಅವನು ತೋರಿಸಿಕೊಟ್ಟ ದಾರಿ ಮಾತ್ರ ಉಳಿಯಿತು.

ಇಂದು ಹತ್ತು ಸಾವಿರದ ಆಸುಪಾಸಿಗೆ ಸಿಗುವ 50 ಮಿ.ಮೀ. ಎಫ್ 1.8 ಲೆನ್ಸ್ ಇದೆಯಲ್ಲ, ಅದರ ಗಾಜಿನ ಜೋಡಣೆಯ ಮೂಲ ಇನ್ನೂ ಹಿಂದಿನದು. 1896ರಲ್ಲಿ ಝೈಸ್ ಕಂಪನಿಯ ಪಾಲ್ ರುಡಾಲ್ಫ್ ಮಾಡಿದ ಪ್ಲಾನರ್ ಅದರ ಮುತ್ತಜ್ಜ. ನೂರಿಪ್ಪತ್ತು ವರ್ಷ ದಾಟಿದ ಯೋಚನೆ, ಇಂದಿಗೂ ಕೆಲಸ ಮಾಡುತ್ತಿದೆ. ಬೇರೆ ಯಾವ ಎಲೆಕ್ಟ್ರಾನಿಕ್ ಸಾಮಾನಿಗೆ ಈ ಮಾತು ಹೇಳಬಹುದು, ಹೇಳಿ?

ಲೆನ್ಸಿನ ಜೊತೆ ಫಿಲಂ ಕೂಡ ಚುರುಕಾಯಿತು. ಕೊಡಾಕ್‌ನ ಟ್ರೈ-ಎಕ್ಸ್ 1954ರಲ್ಲಿ 35 ಮಿ.ಮೀ. ರೂಪದಲ್ಲಿ ಬಂತು. ಅದನ್ನು 400ರ ಬದಲು 1600 ಅಂತ ಎಣಿಸಿ ಹೊಡೆದು, ತೊಳೆಯುವಾಗ ಹೆಚ್ಚು ಹೊತ್ತು ಬಿಡುವ ಉಪಾಯವನ್ನು ಪತ್ರಿಕೆಯವರು ಕಲಿತರು. ಕಾಳು ಕಾಳಾಗಿ ಬರುತ್ತಿತ್ತು, ಆದರೆ ಬರುತ್ತಿತ್ತು. ಈ ಕೈಯಳತೆಯ ಕ್ಯಾಮೆರಾ, ಇರುವ ಬೆಳಕು, ಇವನ್ನೇ ನಂಬಿ ಕೆಲಸ ಮಾಡಿದ ನಮ್ಮವರೂ ಇದ್ದರು. ಮೈಸೂರಿನ ಟಿ.ಎಸ್. ಸತ್ಯನ್ 1948ರಲ್ಲಿ ಡೆಕ್ಕನ್ ಹೆರಾಲ್ಡ್ ಸೇರಿ, ಆಮೇಲೆ ಲೈಫ್ ಪತ್ರಿಕೆಗೂ ಫೋಟೋ ತೆಗೆದರು. ಅವರ ಫೋಟೋಗಳಲ್ಲಿ ರಾಜರಿಗಿಂತ ಸಾಮಾನ್ಯರೇ ಹೆಚ್ಚು. ಬೀದಿಯ ಮಕ್ಕಳು, ಕೂಲಿಯವರು. ನಮ್ಮಂಥವರ ಬದುಕೂ ಫೋಟೋಗೆ ಯೋಗ್ಯ ಅನ್ನುವ ಧೈರ್ಯ ಬಂದದ್ದು ಇಂಥವರಿಂದ.

ಇನ್ನು ಕ್ರಿಕೆಟ್ಟಿಗೆ ಬರೋಣ. ಅಲ್ಲಿ ಮೂರನೇ ದಾರಿ ಒಂದು ತೆರೆಯಿತು, ಮೈದಾನಕ್ಕೇ ಬೆಳಕು ತರೋದು. ನಮ್ಮ ದೇಶದಲ್ಲಿ ದೀಪದ ಬೆಳಕಿನಲ್ಲಿ ಮೊದಲ ಏಕದಿನ ಪಂದ್ಯ ನಡೆದದ್ದು 1984ರ ಸೆಪ್ಟೆಂಬರ್ 28ರಂದು ದೆಹಲಿಯ ಜವಾಹರಲಾಲ್ ನೆಹರೂ ಸ್ಟೇಡಿಯಂನಲ್ಲಿ, ಆಸ್ಟ್ರೇಲಿಯಾ ವಿರುದ್ಧ. ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂಗೆ ದೀಪದ ಕಂಬ ಬಂದದ್ದು 1996ರ ವಿಶ್ವಕಪ್ಪಿಗೆ. ಆ ದೀಪದಡಿ ನಡೆದ ಮೊದಲ ಪಂದ್ಯವೇ ಮಾರ್ಚ್ 9ರ ಭಾರತ-ಪಾಕಿಸ್ತಾನ ಕ್ವಾರ್ಟರ್ ಫೈನಲ್. ವೆಂಕಟೇಶ್ ಪ್ರಸಾದ್ ಆಮಿರ್ ಸೊಹೈಲ್‌ನ ಆಫ್ ಸ್ಟಂಪ್ ಎಗರಿಸಿದ ರಾತ್ರಿ. ಮಾರನೇ ದಿನ ಪೇಪರಿನಲ್ಲಿ ಬಂದ ಫೋಟೋಗಳನ್ನು ನಾನು ಕತ್ತರಿಸಿ ಪುಸ್ತಕಕ್ಕೆ ಅಂಟಿಸಿದ್ದೆ. ರಾತ್ರಿ ಆಟದಲ್ಲೂ ಚೆಂಡು, ಬೆವರು, ಬಾಯ್ದೆರೆದ ಕೂಗು ಎಲ್ಲ ಕಾಣುತ್ತಿತ್ತು! ಟಿವಿ ಪ್ರಸಾರಕ್ಕಾಗಿ ಅಲ್ಲಿ ಸಾವಿರ ಲಕ್ಸಿಗೂ ಮೀರಿ ಬೆಳಕು ಸುರಿದಿದ್ದರು. ಚಿಕ್ಕಪ್ಪನ ಟ್ಯೂಬ್‌ಲೈಟಿನ ಇಪ್ಪತ್ತೈದು ಪಟ್ಟಿಗೂ ಹೆಚ್ಚು. ಆಗ ನನಗೆ ಅದೆಲ್ಲ ಗೊತ್ತಿರಲಿಲ್ಲ. ಬೆಂಗಳೂರಿನ ಫೋಟೋಗ್ರಾಫರ್‌ಗಳು ಬಲು ಜಾಣರು ಅಂದುಕೊಂಡಿದ್ದೆ. ಜಾಣರೇ. ಆದರೆ ಅರ್ಧ ಜಾಣತನ ದೀಪದ ಕಂಬದ್ದು.

ಎಲ್ಲರ ಬಯಲಿಗೂ ಅಂಥ ಕಂಬ ಬರೋದಿಲ್ಲವಲ್ಲ. ನಮ್ಮಂಥವರಿಗೆ ದಾರಿ ತೆರೆದದ್ದು ಡಿಜಿಟಲ್, ಅದೂ ತಕ್ಷಣಕ್ಕಲ್ಲ. 1999ರಲ್ಲಿ ನಿಕಾನ್ ಡಿ1 ಬಂದಾಗ ಅದರ ಮಾಮೂಲು ಐಎಸ್‌ಒ 1600ಕ್ಕೆ ನಿಲ್ಲುತ್ತಿತ್ತು. ಫಿಲಂಗಿಂತ ದೊಡ್ಡ ಲಾಭ ಏನಿಲ್ಲ. ನಿಜವಾದ ತಿರುವು 2007ರ ನಿಕಾನ್ ಡಿ3. ಫಿಲಂ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್, 6400 ಐಎಸ್‌ಒ ಮಾಮೂಲು, ಒತ್ತಾಯಿಸಿದರೆ 25600. ಅಲ್ಲಿಂದ ಮುಂದೆ ರಾತ್ರಿ ಅನ್ನೋದು ಮೊದಲಿನ ಹಾಗೆ ಉಳಿಯಲಿಲ್ಲ. 2008ರ ಏಪ್ರಿಲ್ 18ರಂದು ಅದೇ ಚಿನ್ನಸ್ವಾಮಿಯಲ್ಲಿ ಐಪಿಎಲ್ ಶುರುವಾಯಿತು, 2014ರಲ್ಲಿ ಪ್ರೊ ಕಬಡ್ಡಿ. ಇವತ್ತು ದೇಶದಲ್ಲಿ ಜನ ಮುಗಿಬಿದ್ದು ನೋಡುವ ಎಷ್ಟೋ ಆಟಗಳು ರಾತ್ರಿಯವೇ.

ಈ ಇತಿಹಾಸದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದೇ ವಿಷಯ. ಬಾಡಿಗಳು ಬಂದವು, ಹೋದವು. ಡಿ1 ಇವತ್ತು ಶೋಕೇಸಿನ ಬೊಂಬೆ. ಆದರೆ 1992ರಲ್ಲಿ ಬಂದ ಕ್ಯಾನನ್‌ನ 85 ಮಿ.ಮೀ. ಎಫ್ 1.8 ಲೆನ್ಸನ್ನು ಒಂದು ಅಡಾಪ್ಟರ್ ಹಾಕಿ ಇಂದಿನ ಮಿರರ್‌ಲೆಸ್ ಬಾಡಿಗೂ ಜೋಡಿಸಬಹುದು. ಬಾಡಿ ಎತ್ತು ಇದ್ದ ಹಾಗೆ, ದುಡಿಯುತ್ತೆ, ಮುದಿಯಾಗುತ್ತೆ. ಲೆನ್ಸು ಹೊಲ ಇದ್ದ ಹಾಗೆ.

ಈಗ ನನ್ನ ಅರವತ್ತು ಸಾವಿರದ ಲೆಕ್ಕ ಕೇಳಿ. ನಮ್ಮೂರಿನ ಈಗಿನ ಎಲ್‌ಇಡಿ ದೀಪಗಳಡಿ ಅಂಕಣದ ನಡುವೆ ಸುಮಾರು 160 ಲಕ್ಸ್ ಸಿಗುತ್ತೆ. ಕಬಡ್ಡಿಯಲ್ಲಿ ಕೈಕಾಲು ನಿಲ್ಲಬೇಕಾದರೆ ಶಟರ್ ಸೆಕೆಂಡಿನ ಐನೂರರಲ್ಲಿ ಒಂದು ಭಾಗ ಇರಬೇಕು. ಆಗ ಓಡುವವನು ಒಂದು ಸೆಂಟಿಮೀಟರ್ ಮಾತ್ರ ಸರಿಯುತ್ತಾನೆ. ಇಷ್ಟಕ್ಕೆ ಎಫ್ 5.6 ಲೆನ್ಸಿನಲ್ಲಿ ಐಎಸ್‌ಒ 25600 ಬೇಕು. ಎಫ್ 2.8ರಲ್ಲಿ 6400 ಸಾಕು. ಎಫ್ 1.8ರಲ್ಲಿ ಮೂರು ಸಾವಿರವೂ ಬೇಡ. ನನ್ನ 18-55 ಲೆನ್ಸು 55ಕ್ಕೆ ಎಳೆದರೆ ಎಫ್ 5.6. ಹಳೇ ಬಾಡಿ 6400ಕ್ಕೇ ಸುಸ್ತು. ಹಾಗಾಗಿ ಶಟರ್ 125ಕ್ಕೆ ಇಳಿದಿತ್ತು, ಹುಡುಗರು ಹೊಗೆಯಾದರು.

ಲೆನ್ಸು ಬದಲಿಸಿ 5.6ರಿಂದ 1.8ಕ್ಕೆ ಬಂದರೆ ಬೆಳಕು ಸುಮಾರು ಹತ್ತು ಪಟ್ಟು. ಬಾಡಿ ಬದಲಿಸಿ ಎಪಿಎಸ್-ಸಿ ಸೆನ್ಸರಿನಿಂದ ಫುಲ್ ಫ್ರೇಮ್‌ಗೆ ಬಂದರೆ ಬೆಳಕು ಹಿಡಿಯುವ ಜಾಗ ಎರಡು ಪಟ್ಟು, ಮೇಲೆ ಚಿಲ್ಲರೆ. ಹತ್ತು ಪಟ್ಟಿಗೆ ಹತ್ತು ಸಾವಿರ, ಎರಡು ಪಟ್ಟಿಗೆ ಮಿಕ್ಕಿದ್ದೆಲ್ಲ. ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು ಅನ್ನೋದನ್ನು ನಮ್ಮೂರ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ ಕೂಡ ಹೇಳಿಬಿಡುತ್ತಾಳೆ.

70-200 ಎಫ್ 2.8 ಒಳ್ಳೆಯದಲ್ಲವಾ ಅಂತ ಕೇಳ್ತೀರಿ. ಒಳ್ಳೆಯದೇ. ದೊಡ್ಡ ಸ್ಟೇಡಿಯಂನಲ್ಲಿ, ಹಗ್ಗದಾಚೆ ಕೂರಬೇಕಾದ ಕಡೆ ಅದಿಲ್ಲದೆ ಆಗೋದಿಲ್ಲ. ಆದರೆ ಹೊಸದಕ್ಕೆ ಲಕ್ಷ ದಾಟುತ್ತೆ. ನಮ್ಮ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಗೆರೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂರಲು ಬಿಡುತ್ತಾರೆ. ಯಾಕೆಂದರೆ ಗೆರೆ ಪಕ್ಕ ಕೂತವರೆಲ್ಲ ನೆಂಟರೇ. ಹಳ್ಳಿಯ ಫೋಟೋಗ್ರಾಫರ್‌ಗೆ ಇರುವ ದೊಡ್ಡ ಸವಲತ್ತು ಇದು. ಬೆಂಗಳೂರಿನವರು ಲಕ್ಷ ಕೊಟ್ಟು ತರಿಸುವ ಹತ್ತಿರವನ್ನು ನಾವು ಹತ್ತು ಹೆಜ್ಜೆ ನಡೆದು ಸಂಪಾದಿಸಬಹುದು.

ಕೊನೆಗೆ ಹೀಗೆ ಮಾಡಿದೆ. ಮೊದಲು 50 ಎಫ್ 1.8 ತಗೊಂಡು ಹಳೇ ಬಾಡಿಗೇ ಹಾಕಿ ಎರಡು ತಿಂಗಳು ದುಡಿಸಿದೆ. ಆಮೇಲೆ ಹತ್ತು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ಫುಲ್ ಫ್ರೇಮ್ ಬಾಡಿ, ಅದರ ಜೊತೆ ವಾಲಿಬಾಲಿಗೆ ಅಂತ ಸೆಕೆಂಡ್ ಹ್ಯಾಂಡ್‌ನಲ್ಲೇ ಒಂದು 85 ಎಫ್ 1.8. ಅರವತ್ತು ಸಾವಿರದೊಳಗೇ ಮುಗಿಯಿತು. ಹಳೇ ಬಾಡಿ ನೋಡುವಾಗ ಎರಡು ಮಾತು ನೆನಪಿರಲಿ. ಮಂದ ಬೆಳಕಿನಲ್ಲಿ ನಡುಚುಕ್ಕೆಯಿಂದ ಫೋಕಸ್ ಬೇಗ ಹಿಡಿಯುತ್ತಾ ಅಂತ ಸಂಜೆ ಕತ್ತಲಾದ ಮೇಲೆ ಹೋಗಿ ನೋಡಿ, ಅಂಗಡಿಯ ಟ್ಯೂಬ್‌ಲೈಟಿನಡಿ ಅಲ್ಲ. ಎರಡನೆಯದು, ಶಟರ್ ಎಷ್ಟು ಸಲ ಬಡಿದಿದೆ ಅಂತ ಕೇಳಿ. ಟ್ರಾಕ್ಟರ್ ತಗೊಳ್ಳುವಾಗ ಎಷ್ಟು ಗಂಟೆ ಓಡಿದೆ ಅಂತ ಕೇಳೋದಿಲ್ವಾ, ಹಾಗೆ.

ಬಂದ ಮೇಲೆ ಕಲಿತದ್ದೂ ಇದೆ. 85 ಲೆನ್ಸನ್ನು 1.8ಕ್ಕೆ ತೆರೆದು ಆರು ಮೀಟರ್ ದೂರಕ್ಕೆ ಹೊಡೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು ಅರ್ಧ ಮೀಟರ್ ಮಾತ್ರ. ರೈಡರ್ ಬಂದ, ಹಿಡಿದವನು ಮಸುಕಾದ. ಅದಕ್ಕೇ ಬೆಳಕು ಒಂಚೂರು ಚೆನ್ನಾಗಿದ್ದರೆ ಎಫ್ 2.2ಕ್ಕೆ ಇಳಿಸುತ್ತೇನೆ. ಇನ್ನೊಂದು ಕಾಟ ದೀಪದ್ದು. ನಮ್ಮ ಕರೆಂಟಿನಲ್ಲಿ ಎಷ್ಟೋ ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಕಣ್ಣಿಗೆ ಕಾಣೋದಿಲ್ಲ. 500ರ ಶಟರಿಗೆ ಕಾಣುತ್ತೆ. ಸಾಲಾಗಿ ಹೊಡೆದ ನಾಲ್ಕು ಫೋಟೋದಲ್ಲಿ ಒಂದು ಬೆಳ್ಳಗೆ, ಒಂದು ಹಳದಿ, ಒಂದು ಕಪ್ಪು. ಮಿಣುಕಿನ ತುದಿ ನೋಡಿಕೊಂಡು ಶಟರ್ ಬಿಡುವ ಉಪಾಯ 2014ರ ಕ್ಯಾನನ್ 7ಡಿ ಮಾರ್ಕ್ 2ರಿಂದ ಶುರುವಾಗಿ ಈಗ ಹಲವು ಬಾಡಿಗಳಲ್ಲಿದೆ. ಕೊಳ್ಳುವವರು ಅದಿದೆಯಾ ಅಂತ ಕೇಳಿ. ನನ್ನದರಲ್ಲಿ ಇಲ್ಲ, ಅದಕ್ಕೆ ನಾಲ್ಕು ಹೊಡೆದು ಒಂದು ಇಟ್ಟುಕೊಳ್ಳುತ್ತೇನೆ. ಮಿರರ್‌ಲೆಸ್ ತಗೊಂಡವರು ಇಂಥ ದೀಪದಡಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಫೋಟೋ ಮೇಲೆ ಪಟ್ಟೆ ಪಟ್ಟೆ ಬೀಳಬಹುದು. ಮೆಕ್ಯಾನಿಕಲ್ ಶಟರೇ ವಾಸಿ. ಕಾಳು ಕಾಳಾಗಿ ಬರುತ್ತೆ ಅಂತ ಮಾತ್ರ ಹೆದರಬೇಡಿ. ಕಾಳು ಕ್ಷಮಿಸುತ್ತಾರೆ, ಮಸುಕು ಯಾರೂ ಕ್ಷಮಿಸೋದಿಲ್ಲ.

ಈ ಸಲದ ಪಂದ್ಯಕ್ಕೆ ಹೋದಾಗ ಮೊದಲ ಮೂರು ಆಟ ನಾನು ಫೋಟೋ ತೆಗೆಯಲೇ ಇಲ್ಲ. ಶಾರ್ಫ್‌ಮನ್ ನೆನಪಾಗಿ ಸುಮ್ಮನೆ ಅಂಕಣದ ಸುತ್ತ ತಿರುಗಿದೆ. ಯಾವ ಮೂಲೆಯಲ್ಲಿ ಬೆಳಕು ಮುಖಕ್ಕೆ ಬೀಳುತ್ತೆ, ನಮ್ಮ ಹುಡುಗ ಯಾವ ಕಡೆಯಿಂದ ನುಗ್ಗುತ್ತಾನೆ ಅಂತ ನೋಡಿ, ಎದುರು ಟೀಮಿನ ಬೋನಸ್ ಗೆರೆಯ ಕೊನೆಗೆ ಹೋಗಿ ಕೂತೆ. ರಾತ್ರಿ ಒಂದೂವರೆಗೆ ಅವನು ಬಂದ. ಎಡಗಾಲು ಮುಂದಕ್ಕೆ ಚಾಚಿ ಬೋನಸ್ ಗೆರೆ ದಾಟಿದ, ಇಬ್ಬರು ಮೇಲೆ ಬಿದ್ದರು, ಕೊಸರಿಕೊಂಡು ಓಡಿದ. ಅಂಪೈರ್ ಬೋನಸ್ ಕೊಟ್ಟ. ಒಂದು ಪಾಯಿಂಟಿನಲ್ಲಿ ಗೆದ್ದರು. ಎದುರು ಟೀಮಿನವರು ಬೋನಸ್ ಬರಲ್ಲ ಅಂತ ಕೂಗಾಡಿದರು, ಇವರೂ ಕೂಗಾಡಿದರು. ನಮ್ಮ ಕಡೆ ಪಂದ್ಯ ಮುಗಿಯೋದೇ ಹಾಗೆ.

ಬೆಳಿಗ್ಗೆ ಅದೊಂದು ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದೆ. ಕಾಲಿನ ಮಣ್ಣು, ಬಿಗಿದ ಹಲ್ಲು, ಹಿಂದೆ ಎದ್ದು ನಿಂತ ಜನ ಎಲ್ಲ ಇತ್ತು. ಹುಡುಗ ನೋಡಿ ಮಾತಾಡಲಿಲ್ಲ, ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡು ಓಡಿದ. ಚಿಕ್ಕಪ್ಪನಿಗೆ ಈಗ ಕಣ್ಣಿನ ಆಪರೇಷನ್ ಆಗಿದೆ. ಜಗಲಿಯ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೊಗಳುತ್ತಾರೆ ಅಂತ ಕಾಯ್ತಾ ನಿಂತಿದ್ದೆ.

“ಬೋನಸ್ ಕೊಟ್ರೇನ್ಲಾ ಇದ್ಕೆ?”

“ಹೂಂ ಚಿಕ್ಕಪ್ಪ, ಅದ್ರಲ್ಲೇ ಗೆದ್ದಿದ್ದು.”

“ಇಂದ್ಗಡೆ ಕಾಲು ನೋಡು. ಎಬ್ಬೆಟ್ಟು ನೆಲದ ಮ್ಯಾಲೇ ಐತೆ. ಬೋನಸ್ ಎಂಗ್ ಬತ್ತದೆ?”

ನಾನು ಬಗ್ಗಿ ನೋಡಿದೆ. ಹೌದು. ಮುಂದಿನ ಕಾಲು ಗೆರೆ ದಾಟಿದಾಗ ಹಿಂದಿನ ಕಾಲು ಗಾಳಿಯಲ್ಲಿರಬೇಕು, ಅದು ನಿಯಮ. ಇವನ ಹೆಬ್ಬೆರಳು ಮಣ್ಣಿಗೆ ಅಂಟಿಕೊಂಡೇ ಇದೆ. ಐನೂರರಲ್ಲಿ ಒಂದು ಸೆಕೆಂಡು, ಎಫ್ 2, ಐಎಸ್‌ಒ 3200. ಅಷ್ಟು ಜನ ನೆರೆದಿದ್ದ ಬಯಲಿನಲ್ಲಿ ಯಾರ ಕಣ್ಣಿಗೂ ನಿಖರವಾಗಿ ಕಾಣದ್ದು ಅಲ್ಲಿ ತಣ್ಣಗೆ ಕೂತಿತ್ತು.

ನಮ್ಮ ರಾತ್ರಿಗಳಿಗೆ ಇತಿಹಾಸ ಇರಲಿಲ್ಲ, ಬರೀ ಕತೆ ಇತ್ತು ಅಂತ ನಾನು ಇಷ್ಟು ದಿನ ಕೊರಗುತ್ತಿದ್ದೆ. ಈಗ ಇತಿಹಾಸ ಬಂತು. ಅದು ಬರೋದೇ ಹೀಗೆ ಅಂತ ಕಾಣುತ್ತೆ, ಹೊಗಳೋಕೆ ಅಂತ ಕರೆದರೆ ತಪ್ಪನ್ನೂ ಜೊತೆಗೇ ಕರಕೊಂಡು ಬರುತ್ತೆ. ಹುಡುಗನಿಗೆ ಹೇಳಲೋ ಬೇಡವೋ ಅಂತ ಚಿಕ್ಕಪ್ಪನ ಮುಖ ನೋಡಿದೆ. ಅವರು ಫೋಟೋ ವಾಪಸ್ ಕೊಟ್ಟು, ಗೋಡೆಯ ಮೇಲಿನ ತಮ್ಮ ಕಪ್ಪಿನ ಫೋಟೋ ಕಡೆ ಒಮ್ಮೆ ನೋಡಿ ನಕ್ಕರು.

“ನಂದು ತೆಗೀದೇ ಇದ್ದಿದ್ದೇ ವಾಸಿ ಬುಡು.”

ಎಷ್ಟು ಜನ ಹಿಡಿದಿದ್ದರು ಅಂತ ನಾನು ಕೇಳಲಿಲ್ಲ.